ಐವತ್ತೊಂದನೇ ಕಿಲೋಮೀಟರಿಗೆ ಇಳಿದುಬಿಟ್ಟೆ

“74 ಕಿಲೋಮೀಟರಾ? ಸಾಗರದಿಂದ ಶಿವಮೊಗ್ಗಕ್ಕೆ ಹೋದಂಗಾಯ್ತಲ್ಲೇ ಪುಟ್ಟಿ! ಅಲ್ಲಿ ಬಸ್ಸಿಲ್ವಾ?”

ಟ್ರಾನ್ಸ್‌ವಲ್ಕೇನಿಯಾ ಓಟಕ್ಕೆ ಹೆಸರು ಕೊಟ್ಟಿದ್ದೀನಿ ಅಂದಾಗ ಅಮ್ಮ ಕೇಳಿದ್ದು ಇಷ್ಟೇ. ನಾನು ನಕ್ಕೆ. ಆದರೆ ಸಾಗರ–ಶಿವಮೊಗ್ಗ ರಸ್ತೆ ನಮ್ಮ ಮನೆಯಲ್ಲಿ ನಗುವ ವಿಷಯ ಅಲ್ಲ. ಅಪ್ಪ ಕೊನೆಯ ಎರಡು ವರ್ಷ ವಾರಕ್ಕೆರಡು ಸಲ ಅದೇ ರಸ್ತೆಯಲ್ಲಿ ಡಯಾಲಿಸಿಸ್‌ಗೆ ಹೋಗಿಬರುತ್ತಿದ್ದರು. ಬಿಪಿ ಮೊದಲೇ ಇತ್ತು. ಅದರ ಜೊತೆಗೆ ಮಂಡಿನೋವಿಗೆ ಅಂತ ವರ್ಷಗಟ್ಟಲೆ ಅಂಗಡಿಯಿಂದ ತಂದು ನುಂಗಿದ ಮಾತ್ರೆಗಳು. ಎರಡೂ ಸೇರಿ ಕಿಡ್ನಿ ಹೋಯಿತು ಅಂತ ಡಾಕ್ಟರು ಹೇಳಿದ್ದರು.

ಲಾ ಪಾಲ್ಮಾ ಸ್ಪೇನ್ ದೇಶಕ್ಕೆ ಸೇರಿದ ಕೆನರಿ ದ್ವೀಪಗಳಲ್ಲಿ ಒಂದು. ಅಟ್ಲಾಂಟಿಕ್ ಸಮುದ್ರದ ನಡುವೆ ಜ್ವಾಲಾಮುಖಿಗಳೇ ಕಟ್ಟಿದ ನೆಲ. 2009ರಿಂದ ಇಲ್ಲಿ ಈ ಓಟ ನಡೆಯುತ್ತಿದೆ. ಒಟ್ಟು ಹತ್ತಬೇಕಾದ ಏರು 4,300 ಮೀಟರಿಗಿಂತ ಹೆಚ್ಚು. ಇದನ್ನು 7 ಗಂಟೆಯೊಳಗೆ ಮುಗಿಸಿದ ಪುಣ್ಯಾತ್ಮರೂ ಇದ್ದಾರೆ. ನನ್ನ ಗುರಿ ಕತ್ತಲಾದ ಮೇಲಾದರೂ ಸರಿ, ಮುಗಿಸೋದು. ಎರಡು ವರ್ಷ ನಂದಿ ಬೆಟ್ಟ, ಕುಮಾರಪರ್ವತ ಅಂತ ವೀಕೆಂಡ್‌ಗಳನ್ನೆಲ್ಲ ಇದಕ್ಕೇ ಕೊಟ್ಟಿದ್ದೆ. ರಜೆ, ಉಳಿತಾಯ ಎಲ್ಲ ಇದರಲ್ಲೇ ಕರಗಿತ್ತು.

ನಾನು ಉಳಿದುಕೊಂಡಿದ್ದ ಮನೆಯ ಒಡತಿಗೆ ಅರವತ್ತು ದಾಟಿರಬೇಕು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಸ್ಪ್ಯಾನಿಷ್ ಬಾರದು. ಫೋನಿನ ಅನುವಾದದ ಆ್ಯಪ್‌ನಲ್ಲೇ ನಮ್ಮ ಹರಟೆ. ಹಿಂದಿನ ರಾತ್ರಿ ಅವರು ಬಿಸಿಹಾಲಿಗೆ ‘ಗೋಫಿಯೋ’ ಕಲಸಿ ಕೊಟ್ಟರು. ಒಂದು ಚಮಚ ಬಾಯಿಗಿಟ್ಟೆ. ಅರೆ, ಇದು ನಮ್ಮ ಹುರಿಹಿಟ್ಟೇ! ಧಾನ್ಯ ಹುರಿದು ಬೀಸಿದ ಅದೇ ಘಮ.

ಅವರ ಸ್ವಂತ ಮನೆ ಇದ್ದದ್ದು ತೊದೋಕೆ ಅನ್ನುವ ಊರಿನಲ್ಲಿ. 2021ರ ಸೆಪ್ಟೆಂಬರ್ 19ರಂದು ಶುರುವಾದ ಜ್ವಾಲಾಮುಖಿ 85 ದಿನ ಉರಿಯಿತು. ಲಾವಾ ಆ ಊರನ್ನು, ಊರಿನ ಚರ್ಚನ್ನು, ಇವರ ಮನೆಯನ್ನು ಮುಚ್ಚಿಹಾಕಿತು. “ಸಾಮಾನು ತರಲು ಸ್ವಲ್ಪವೇ ಹೊತ್ತು ಕೊಟ್ಟಿದ್ದರು. ಏನು ತಂದೆ ಅಂತ ಎಲ್ಲರೂ ಕೇಳ್ತಾರೆ. ನನ್ನನ್ನೇ ತಂದೆ” ಅಂದರು. ಆ್ಯಪ್ ತಪ್ಪಾಗಿ ಅನುವಾದ ಮಾಡಿತೇನೋ ಅಂದುಕೊಂಡು ಸುಮ್ಮನಾದೆ.

ಓಟ ಶುರುವಾಗೋದು ದ್ವೀಪದ ದಕ್ಷಿಣ ತುದಿಯ ಫುಯೆನ್‌ಕಲಿಯೆಂತೆ ದೀಪಸ್ತಂಭದ ಬಳಿ. ಪಕ್ಕದಲ್ಲೇ ಉಪ್ಪಿನ ಗದ್ದೆಗಳು. ಬೆಳಗಿನ 6 ಗಂಟೆ, ಇನ್ನೂ ಕತ್ತಲು. ಸಾವಿರಾರು ಜನರ ಹಣೆದೀಪಗಳು ಬೆಟ್ಟದ ಮೇಲೆ ಸಾಲಾಗಿ ಹತ್ತುವುದನ್ನು ನೋಡಿದರೆ ಲಕ್ಷದೀಪೋತ್ಸವ ನೆನಪಾಗುತ್ತೆ. ಕಾಲಡಿ ಕಪ್ಪು ಬೂದಿಮರಳು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತೆ. ಎಡಕ್ಕೆ 1971ರಲ್ಲಿ ಸಿಡಿದ ತೆನೆಗಿಯಾ.

ಸಮುದ್ರಮಟ್ಟದಿಂದ ಹೊರಟವರು ಹದಿನೇಳೆಂಟು ಕಿಲೋಮೀಟರಿನೊಳಗೆ ನಮ್ಮ ಮುಳ್ಳಯ್ಯನಗಿರಿಯಷ್ಟು ಎತ್ತರಕ್ಕೆ ಬಂದಿರುತ್ತೀವಿ. ಅಲ್ಲಿಂದ ಮುಂದೆ ಪೈನ್ ಕಾಡು. ಕೆನರಿ ಪೈನ್ ಮರದ ತೊಗಟೆ ಎಷ್ಟು ದಪ್ಪ ಅಂದರೆ, ಕಾಡ್ಗಿಚ್ಚಿಗೆ ಮೈಯೆಲ್ಲ ಕರಿಯಾದರೂ ಒಳಗೆ ಜೀವ ಉಳಿದು ಮತ್ತೆ ಚಿಗುರುತ್ತೆ. ಕರಕಲು ಕಾಂಡದಿಂದಲೇ ಹಸಿರು ಸೂಜಿಗಳು ಎದ್ದಿರೋದನ್ನು ನೋಡುತ್ತಾ ಓಡಿದೆ.

ಎಲ್ ಪಿಲಾರ್ ಅನ್ನುವ ಕಡೆ ಊಟ, ನೀರು. ಆಗಲೇ ಬಲಮಂಡಿ ಹಿಡಿದುಕೊಂಡಿತ್ತು. ಬ್ಯಾಗಿನಲ್ಲಿದ್ದ ನೋವಿನ ಮಾತ್ರೆ ನುಂಗಿದೆ. ಎರಡು ಗಂಟೆ ಬಿಟ್ಟು ಇನ್ನೊಂದು. ಅಪ್ಪನ ನೆನಪು ಬರಲಿಲ್ಲವಾ? ಬಂತು. “ಒಂದೆರಡಕ್ಕೆ ಏನಾಗಲ್ಲ” ಅಂತ ನನಗೆ ನಾನೇ ಹೇಳಿಕೊಂಡೆ. ಅಪ್ಪನೂ ಇದನ್ನೇ ಹೇಳುತ್ತಿದ್ದರು.

ಮಧ್ಯಾಹ್ನದ ಬಿಸಿಲಿನಲ್ಲಿ ತಬುರಿಯೆಂತೆ ಎಂಬ ಮಹಾ ಕಂದಕದ ಅಂಚಿನಲ್ಲೇ ದಾರಿ. ಕೆಳಗೆ ಮೋಡದ ಸಮುದ್ರ. 2,426 ಮೀಟರ್ ಎತ್ತರದ ರೋಕೆ ದೆ ಲೋಸ್ ಮುಚಾಚೋಸ್ ಈ ದ್ವೀಪದ ತುದಿ. ಆಕಾಶ ಅಷ್ಟು ತಿಳಿಯಾಗಿರೋದರಿಂದ ಅಲ್ಲಿ 10.4 ಮೀಟರ್ ಕನ್ನಡಿಯ ಭಾರೀ ದೂರದರ್ಶಕವನ್ನೇ ಇಟ್ಟಿದ್ದಾರೆ. ಅದರ ಬಿಳಿ ಗುಮ್ಮಟ ಕಂಡಾಗ ಕಣ್ಣಲ್ಲಿ ನೀರು. 51 ಕಿಲೋಮೀಟರ್ ಮುಗಿದಿತ್ತು! ಕೊನೆಯ ಸಣ್ಣ ಏರೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಇಳಿಜಾರು.

ಅಲ್ಲಿಯ ಟಾಯ್ಲೆಟ್ಟಿಗೆ ಹೋದೆ. ಮೂತ್ರದ ಬಣ್ಣ ಕೋಲಾ ಥರ ಇತ್ತು.

ಐದು ನಿಮಿಷ ಅಲ್ಲೇ ನಿಂತಿದ್ದೆ. ಯಾರಿಗೂ ಹೇಳದೆ ಇಳಿದುಬಿಡಬಹುದಿತ್ತು. ಟೈಮೂ ಇತ್ತು. ಆದರೆ ಅಪ್ಪನ ಆಸ್ಪತ್ರೆಯ ವರಾಂಡ, ಶಿವಮೊಗ್ಗದ ಬಸ್ಸು, ಕಿಟಕಿಗೆ ತಲೆ ಆನಿಸಿ ಮಲಗುತ್ತಿದ್ದ ಅವರ ಮುಖ ಕಣ್ಣಮುಂದೆ ಬಂತು. ನೇರ ವೈದ್ಯರ ಟೆಂಟಿಗೆ ಹೋಗಿ ಎಲ್ಲ ಹೇಳಿದೆ, ಮಾತ್ರೆಯ ವಿಷಯವನ್ನೂ.

ಡಾಕ್ಟರಮ್ಮ ಬಯ್ಯಲಿಲ್ಲ. ವಿಪರೀತ ದಣಿದ ಸ್ನಾಯು ಒಡೆದಾಗ ಅದರೊಳಗಿನ ಅಂಶ ರಕ್ತಕ್ಕೆ ಸೇರುತ್ತೆ, ಅದನ್ನು ಸೋಸುವ ಕೆಲಸ ಕಿಡ್ನಿಯದು. ಬೆವರಿ ಒಣಗಿದ ಮೈಯಲ್ಲಿ ನೋವಿನ ಮಾತ್ರೆ ಕಿಡ್ನಿಗೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತೆ. ಇನ್ನು ಇಲ್ಲಿಂದ ಸಮುದ್ರದವರೆಗೆ 2,400 ಮೀಟರ್ ಇಳಿಯಬೇಕು. ಸ್ನಾಯುವನ್ನು ಹೆಚ್ಚು ಒಡೆಯೋದು ಏರಲ್ಲ, ಇಳಿಜಾರು. ಹೀಗೆ ಬಿಡಿಸಿ ಹೇಳಿದರು.

ಎದೆಯ ಮೇಲಿನ ನಂಬರ್ ಬಿಚ್ಚಿ ಕೊಟ್ಟೆ. ಅತ್ತೆ ಕೂಡ, ಸುಳ್ಳು ಯಾಕೆ ಹೇಳಲಿ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ರಕ್ತ ಪರೀಕ್ಷೆ ಮಾಡಿದರು. ಸ್ನಾಯು ಒಡೆದದ್ದು ಹೌದು, ಕಿಡ್ನಿ ಮಾತ್ರ ಬಚಾವ್. ಮರುದಿನ ವಾಪಸ್ ಬಂದಾಗ ಒಡತಿ ಏನೂ ಕೇಳಲಿಲ್ಲ. ಗೋಫಿಯೋ ಕಲಸಿ ಮುಂದಿಟ್ಟರು. ಆ್ಯಪ್ ತೆಗೆದು ನಾನೇ ಬರೆದೆ: “ನಾನೂ ನನ್ನನ್ನೇ ತಂದೆ.” ಓದಿ ನನ್ನ ತಲೆ ನೇವರಿಸಿದರು. ಅಂದ್ರೆ ಅವತ್ತು ಆ್ಯಪ್ ಸರಿಯಾಗಿಯೇ ಅನುವಾದ ಮಾಡಿತ್ತು.

ನೀವೂ ಓಡುವವರಾದರೆ ಇಷ್ಟು ನೆನಪಿಟ್ಟುಕೊಳ್ಳಿ. ಓಟದ ನಡುವೆ ನೋವಿನ ಮಾತ್ರೆ ಬೇಡ. ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಅಲ್ಲೇ ನಿಲ್ಲಿ, ತಡಮಾಡದೆ ಡಾಕ್ಟರಿಗೆ ತೋರಿಸಿ. ಬೆಟ್ಟ ಮುಂದಿನ ವರ್ಷವೂ ಅಲ್ಲೇ ಇರುತ್ತೆ.

ಅಮ್ಮನಿಗೆ ಫೋನ್ ಮಾಡಿದೆ. “ಶಿವಮೊಗ್ಗ ಮುಟ್ಲಿಲ್ಲ ಅಮ್ಮ. ಆಯನೂರಿನ ಹತ್ರಾನೇ ಇಳಿದುಬಿಟ್ಟೆ.”

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಒಳ್ಳೇದೇ ಆಯ್ತು ಬಿಡು. ಊಟ ಮಾಡಿದ್ಯಾ?” ಅಂದಳು.