ಒಗ್ಗುವುದು ಯಾರ ಹೊಣೆ?

ಸುಗ್ಗಿ ಮುಗಿದು ಗದ್ದೆಗಳು ಬರಿದಾದೊಡನೆ ಕೆ.ಆರ್.ಎಸ್.ನ ಕೆಳಗಣ ಹಳ್ಳಿಗಳ ಹುಡುಗರಿಗೆ ಕ್ರಿಕೆಟಿನ ಹಬ್ಬ. ಕೂಳೆ ಕಿತ್ತು, ನೆಲ ಬಡಿದು, ಮೂರು ಕೋಲು ನೆಟ್ಟರೆ ಅದೇ ಕ್ರೀಡಾಂಗಣ. ಕೆಲವು ವರ್ಷಗಳ ಹಿಂದೆ ಅಂಥ ಒಂದು ಸಂಜೆ, ತಂಡದ ಆರಂಭಿಕ ಬ್ಯಾಟುಗಾರನಾಗಿದ್ದ ಹುಡುಗನೊಬ್ಬ ನನ್ನ ಜಗಲಿಗೆ ಬಂದು ಕುಳಿತ. ವಿಕೆಟ್‌ಕೀಪರನಾಗಿದ್ದವನು ಕೆಲಸ ಹಿಡಿದು ಬೆಂಗಳೂರಿಗೆ ಹೋಗಿದ್ದ. ಆ ಸ್ಥಾನದಲ್ಲಿ ಇವನು ನಿಂತರೆ ಇನ್ನೊಬ್ಬ ಬ್ಯಾಟುಗಾರನನ್ನು ಸೇರಿಸಿಕೊಳ್ಳಬಹುದೆಂಬುದು ಗೆಳೆಯರ ಲೆಕ್ಕಾಚಾರ.

"ನಂಗೆ ಅದು ಒಗ್ಗಲ್ಲ ಫಾದರ್" ಎಂದ.

ನಾನು ಒಡನೆಯೇ ರಾಹುಲ್ ದ್ರಾವಿಡರ ನಿದರ್ಶನವನ್ನು ಮುಂದಿಟ್ಟೆ. ಏಕದಿನ ಪಂದ್ಯಗಳ ವೇಗಕ್ಕೆ ಒಗ್ಗುವವರಲ್ಲ ಎಂಬ ಟೀಕೆಯನ್ನು ಕೇಳಿಸಿಕೊಂಡವರು ಅವರು; 1999ರ ವಿಶ್ವಕಪ್‌ನಲ್ಲಿ 461 ರನ್ ಗಳಿಸಿ ಎಲ್ಲರಿಗಿಂತ ಮುಂದಿದ್ದವರೂ ಅವರೇ. 2002ರಲ್ಲಿ ನಾಯಕ ಸೌರವ್ ಗಂಗೂಲಿಯವರ ತಂಡ ಏಳು ಮಂದಿ ಬ್ಯಾಟುಗಾರರನ್ನು ಆಡಿಸುವ ಹೊಸ ವ್ಯವಸ್ಥೆಯನ್ನು ರೂಢಿಸಿಕೊಂಡಾಗ, ಕೀಪರನ ಕೈಗವಸುಗಳನ್ನು ತೊಡುವ ಭಾರ ದ್ರಾವಿಡರ ಪಾಲಿಗೆ ಬಂದಿತು. ಆ ವರ್ಷದ ಜುಲೈ 13ರಂದು ಲಾರ್ಡ್ಸ್‌ನಲ್ಲಿ ನಡೆದ ನ್ಯಾಟ್‌ವೆಸ್ಟ್ ಸರಣಿಯ ಅಂತಿಮ ಪಂದ್ಯದಲ್ಲಿ ಭಾರತ 326 ರನ್‌ಗಳ ಗುರಿಯನ್ನು ಬೆನ್ನಟ್ಟಿತ್ತು. ದ್ರಾವಿಡ್ ಗಳಿಸಿದ್ದು ಬರಿಯ 5 ರನ್. 146 ರನ್‌ಗಳಿಗೆ 5 ವಿಕೆಟ್‌ಗಳು ಬಿದ್ದಾಗ ಯುವರಾಜ್ ಸಿಂಗರ ಜೊತೆಗೂಡಿದವರು ಏಳನೆಯ ಬ್ಯಾಟುಗಾರ ಮೊಹಮ್ಮದ್ ಕೈಫ್. ಅವರ ಅಜೇಯ 87 ರನ್‌ಗಳು ಗೆಲುವನ್ನು ತಂದವು. ದ್ರಾವಿಡ್ ಸ್ಟಂಪಿನ ಹಿಂದೆ ನಿಲ್ಲದಿದ್ದರೆ ಆ ಏಳನೆಯವನಿಗೆ ಜಾಗವೇ ಇರುತ್ತಿರಲಿಲ್ಲ.

"ಮತ್ತೊಬ್ಬರಿಗೆ ಸ್ಥಳ ಮಾಡಿಕೊಡುವುದೂ ಆಟವೇ ಮಗು" ಎಂದೆ. ಹುಡುಗ ತಲೆಯಾಡಿಸಿ ಎದ್ದುಹೋದ. ಒಳ್ಳೆಯ ಮಾತು ಹೇಳಿದೆನೆಂಬ ತೃಪ್ತಿ ನನ್ನದು.

ಆದರೆ ಅವನು ಕ್ಯಾಚುಗಳನ್ನು ಕೈಚೆಲ್ಲಿದ. ಗೆಳೆಯರು ನಕ್ಕರು. ಅಳುಕು ಬ್ಯಾಟಿಗೂ ಹತ್ತಿತು. ಯುಗಾದಿಯ ಹೊತ್ತಿಗೆ ಅವನು ಗದ್ದೆಯ ಕಡೆಗೆ ಸುಳಿಯುವುದನ್ನೇ ಬಿಟ್ಟಿದ್ದ. ಆಡುತ್ತಿದ್ದ ಹುಡುಗನೊಬ್ಬ ನನ್ನ ಉಪದೇಶದಿಂದ ಆಟವನ್ನೇ ತೊರೆದನಲ್ಲಾ ಎಂಬ ಸಂಕಟ ನನ್ನನ್ನು ಕಾಡತೊಡಗಿತು.

ಆ ದಿನಗಳಲ್ಲಿ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ವೃದ್ಧ ರೈತರೊಬ್ಬರು ಜೊತೆಯಾದರು. ರಾಗಿ, ಹುರುಳಿ ಬೆಳೆಯುತ್ತಿದ್ದ ಈ ಸೀಮೆಗೆ ಕನ್ನಂಬಾಡಿ ಕಟ್ಟೆಯ ನೀರು ಬಂದ ಮೇಲೆ ಭತ್ತ, ಕಬ್ಬು ನೆಲೆನಿಂತವು. ನೆಲ ಹೊಸ ಬೆಳೆಗೆ ತಾನಾಗಿಯೇ ಒಗ್ಗಲಿಲ್ಲ. ಮಟ್ಟಮಾಡಿ, ಬದು ಕಟ್ಟಿ, ಕಾಲುವೆ ತೋಡಬೇಕಾಯಿತು. ಹೆಚ್ಚಿನ ನೀರು ಬಸಿದು ಹೋಗದ ಕಡೆಗಳಲ್ಲಿ ಭೂಮಿ ಜೌಗಾಯಿತು, ಚೌಳಾಯಿತು. ಅಂಥದೊಂದು ತಾಕನ್ನು ತೋರಿಸಿ ಅವರು, "ನೀರು ಬುಟ್ಬುಟ್ರೆ ಆಯ್ತಾ ಸ್ವಾಮಿ? ಹೋಗಕ್ಕೂ ಒಂದು ದಾರಿ ಬುಡ್ಬೇಕು" ಎಂದರು.

ದ್ರಾವಿಡರ ಕಥೆಯಲ್ಲಿ ಅರ್ಧವನ್ನಷ್ಟೇ ನಾನು ಹೇಳಿದ್ದೆನೆಂಬುದು ಆಗ ಹೊಳೆಯಿತು. ಬೆಂಗಳೂರಿನ ಸಂತ ಜೋಸೆಫರ ಬಾಲಕರ ಪ್ರೌಢಶಾಲೆಯ ತಂಡದಲ್ಲಿ ಅವರು ಬಾಲ್ಯದಲ್ಲೇ ಕೀಪಿಂಗ್ ಮಾಡಿದ್ದವರು. ಹಿರಿಯರ ಸಲಹೆಯಂತೆ ಅದನ್ನು ಬಿಟ್ಟು ಬ್ಯಾಟಿಂಗಿಗೆ ಮನಸ್ಸು ಕೊಟ್ಟವರು. ಅಂದರೆ ನೆಲ ಮೊದಲೇ ಹದವಾಗಿತ್ತು. 5 ರನ್‌ಗಳಿಗೆ ಔಟಾದ ದಿನವೂ ತಂಡ ಅವರನ್ನು ಹಗುರವಾಗಿ ಕಾಣಲಿಲ್ಲ. ಆ ನಂಬಿಕೆಯ ಫಲವನ್ನು 2003ರ ವಿಶ್ವಕಪ್‌ನಲ್ಲಿ ಕಂಡೆವು: ತಂಡ ಫೈನಲ್ ತಲುಪಿತು, ಕೀಪಿಂಗಿನ ಜೊತೆಗೇ ಅವರು 318 ರನ್ ಗಳಿಸಿದರು. ಭಾರ ಶಾಶ್ವತವೂ ಆಗಿರಲಿಲ್ಲ. 73 ಏಕದಿನ ಪಂದ್ಯಗಳಲ್ಲಿ ಅದನ್ನು ಹೊತ್ತರು. 2004ರಲ್ಲಿ ಪರಿಣತ ಕೀಪರರು ಬಂದರು, ಆ ವರ್ಷದ ಡಿಸೆಂಬರಿನಲ್ಲಿ ಮಹೇಂದ್ರ ಸಿಂಗ್ ಧೋನಿ ಕಾಲಿಟ್ಟರು. ಹೊರೆ ಇಳಿಯಿತು.

ನಮ್ಮ ಹುಡುಗನಿಗೆ ಇವುಗಳಲ್ಲಿ ಯಾವುದೂ ದೊರೆತಿರಲಿಲ್ಲ. ಹಿಂದೆ ಎಂದಾದರೂ ಕೈಗವಸು ತೊಟ್ಟಿದ್ದೀಯಾ ಎಂದು ಕೂಡ ನಾನು ಕೇಳಿರಲಿಲ್ಲ. ಅವನ ಮನೆಗೆ ಹೋಗಿ, "ತಪ್ಪು ನನ್ನದು ಮಗು" ಎಂದೆ. ಬಳಿಕ ತಂಡದ ಹುಡುಗರನ್ನು ಕರೆದು ಮಾತನಾಡಿದೆ. ಮರುವರ್ಷ ಮೂವರು ಸರದಿಯಂತೆ ಕೀಪಿಂಗ್ ಮಾಡಿದರು. ಅವರಲ್ಲಿ ಇವನೂ ಒಬ್ಬ. ಒಳ್ಳೆಯ ಕೀಪರನೇನೂ ಅವನಾಗಲಿಲ್ಲ. ಆದರೆ ಬ್ಯಾಟು ಹಿಡಿದು ಮತ್ತೆ ಮೊದಲಿಗನಾಗಿ ಗದ್ದೆಗಿಳಿದ.

ಹೊಸ ಮನೆ ಹೊಕ್ಕ ಸೊಸೆಗೆ, ವರ್ಗವಾಗಿ ಬಂದ ಶಿಕ್ಷಕರಿಗೆ, ಹಾಸ್ಟೆಲು ಸೇರಿದ ಮಗುವಿಗೆ "ಒಗ್ಗಿಕೋ" ಎಂದು ಹೇಳುವುದು ಹಿರಿಯರಾದ ನಮಗೆ ಬಹು ಸುಲಭ. ಹಾಗೆ ಹೇಳುವ ಮುನ್ನ ನೆಲವನ್ನು ಹದಮಾಡಿದ್ದೇವೆಯೇ, ಬಸಿಗಾಲುವೆಯನ್ನು ತೋಡಿದ್ದೇವೆಯೇ ಎಂದು ನಮ್ಮನ್ನೇ ನಾವು ಕೇಳಿಕೊಳ್ಳೋಣ.