ಆಡಿಸುವುದೂ ಸುಮ್ಮನಿರಿಸುವುದೂ

ಎಳೆಯ ಮಕ್ಕಳ ವಿಷಯದಲ್ಲಿ ನಮ್ಮ ಮನೆಮಾತಿನಲ್ಲಿ ಎರಡು ಕ್ರಿಯಾಪದಗಳುಂಟು: ಒಂದು ಆಡಿಸುವುದು, ಇನ್ನೊಂದು ಸುಮ್ಮನಿರಿಸುವುದು. ಇವೆರಡೂ ಒಂದೇ ಎಂದು ಬಗೆಯುವ ಹಿರಿಯರು ಬಹುಮಂದಿ. ಮಗು ಅಳದೆ, ಓಡದೆ, ಏನನ್ನೂ ಕೇಳದೆ ಒಂದೆಡೆ ಕುಳಿತಿತೆಂದರೆ ಅದು ಸುಖವಾಗಿದೆಯೆಂದು ನಿಶ್ಚಯಿಸಿಬಿಡುತ್ತೇವೆ. ಆಗ ಸುಖವಾಗಿರುವವರು ಅನೇಕವೇಳೆ ನಾವೇ.

ಇಂದಿರಾನಗರದ ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮೊಮ್ಮಗನಿದ್ದಾನೆ. ಮಗನೂ ಸೊಸೆಯೂ ಕೆಲಸಕ್ಕೆ ಹೋದಮೇಲೆ ಸಂಜೆಯವರೆಗೆ ಅವನ ಪಾಲನೆ ನಮ್ಮಿಬ್ಬರು ವೃದ್ಧರದು. ಹೋದ ಮಳೆಗಾಲದಲ್ಲಿ ಅವನ ಅಜ್ಜಿ ಕಾಲುನೋವಿನಿಂದ ಮಲಗಿದ್ದಾಗ ಮೊಬೈಲೇ ಅವನಿಗೆ ದಾದಿಯಾಯಿತು. ಊಟಕ್ಕೆ ಅದು, ಕಾರಿನಲ್ಲಿ ಅದು, ನಿದ್ದೆಗೆ ಮುಂಚೆಯೂ ಅದೇ. ಮನೆ ಬಹಳ ನಿಶ್ಶಬ್ದವಾಯಿತು. ಒಂದು ಸಂಜೆ ಆಕೆ, "ಇವನು ಈಚೆಗೆ 'ಯಾಕೆ' ಅನ್ನುವುದನ್ನೇ ಬಿಟ್ಟಿದ್ದಾನಲ್ಲ, ನೋಡಿದಿರಾ?" ಎಂದಳು. ಆ ಮಾತು ಕೇಳಿ ನನಗೆ ಆ ನಿಶ್ಶಬ್ದವೇ ಭಯವನ್ನುಂಟುಮಾಡಿತು.

ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಈ ವಿಷಯವಾಗಿ ಕೆಲವು ಸೂಚನೆಗಳನ್ನು ಪ್ರಕಟಿಸಿತು. ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ತೆರೆಯನ್ನು ನೋಡುವುದು ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂಬುದು ಅವುಗಳಲ್ಲೊಂದು. ಇದನ್ನು ಎಲ್ಲರೂ ಹೇಳುತ್ತಾರೆ. ಮಗು ಕುಳಿತಿರುವ ಹೊತ್ತಿನಲ್ಲಿ ಹಿರಿಯರು ಅದರೊಡನೆ ಕುಳಿತು ಓದಬೇಕು, ಕಥೆ ಹೇಳಬೇಕು ಎಂದು ಅಲ್ಲಿಯೇ ಹೇಳಿರುವುದನ್ನು ಮಾತ್ರ ಯಾರೂ ಎತ್ತುವುದಿಲ್ಲ. ಕಷ್ಟವಾದ ಭಾಗವು ಅದೇ ಅಲ್ಲವೆ?

ಮನೆಯಲ್ಲಿ ಆಟಕ್ಕೆ ಸಾಮಗ್ರಿಯ ಕೊರತೆಯಿಲ್ಲವೆಂಬುದು ಕ್ರಮೇಣ ತಿಳಿಯಿತು. ಅಟ್ಟದಿಂದ ಅಳಗುಳಿಮಣೆ ಇಳಿಯಿತು. ಏಳೇಳು ಗುಳಿಗಳ ಎರಡು ಸಾಲು. ಹುಣಿಸೆಬೀಜವನ್ನು ಒಂದೊಂದಾಗಿ ಹಾಕುತ್ತ ಹೋದರೆ ಆಟದ ನಿಯಮ ತಿಳಿಯದ ಮಗುವಿಗೂ ಎಣಿಕೆ ಬರುತ್ತದೆ. (ಬೀಜವನ್ನು ಬಾಯಿಗೆ ಹಾಕುವ ಕೂಸುಗಳಿಗೆ ಇದು ಸಲ್ಲದು.) ಚನ್ನಪಟ್ಟಣದ ಬುಗುರಿಯೊಂದು ಬಂದಿತು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜುವಿಕೆಯ ಕಾವಿಗೇ ಅರಗು ಕರಗಿ ಬಣ್ಣ ಹತ್ತುವುದೆಂದು ಹೇಳಿದಾಗ, ಅವನು ಅಂಗೈಗಳನ್ನು ಉಜ್ಜಿ ಕೆನ್ನೆಗೆ ಒತ್ತಿಕೊಂಡು ನೋಡಿದನು. ಮಾಗಿಯಲ್ಲಿ ಅವರೆಕಾಯಿ ಬಂದಮೇಲಂತೂ ಅಡುಗೆಮನೆಯೇ ಆಟದ ಬಯಲಾಯಿತು. ನೆನೆದ ಕಾಳನ್ನು ಹಿದುಕಿದರೆ ಬೇಳೆ ಚಂಗನೆ ಹಾರುವುದು; ಅರ್ಧ ಪಾತ್ರೆಗೆ, ಅರ್ಧ ಅಜ್ಜಿಯ ಸೆರಗಿಗೆ. ಸಾರು ತಡವಾಯಿತು, ನಿಜ. ಆದರೆ ತಾನು ಹಿದುಕಿದ್ದೆಂದು ಅವನು ಎರಡು ತುತ್ತು ಹೆಚ್ಚಾಗಿ ಉಂಡನು.

ಇನ್ನು ಪ್ರಯಾಣ. ದಂಡಿನ ಪ್ರದೇಶಕ್ಕೆ ಜೋಲಾರಪೇಟೆಯ ಕಡೆಯಿಂದ ೧೮೬೪ರಲ್ಲಿ ಉಗಿಬಂಡಿ ಬಂದಿತು. ಅಂದಿನ ಮಕ್ಕಳು ಕಿಟಕಿಗೆ ಮೂಗು ಒತ್ತಿಯೇ ಕುಳಿತಿದ್ದಿರಬೇಕು. ನಮ್ಮ ಹುಡುಗನಿಗೆ ಆ ಭಾಗ್ಯವನ್ನು ಮೆಟ್ರೋ ಒದಗಿಸಿದೆ. ೨೦೧೧ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಆರಂಭವಾದ ಆ ದಾರಿ ೨೦೨೩ರ ಅಕ್ಟೋಬರಿನಲ್ಲಿ ಕೃಷ್ಣರಾಜಪುರದೊಡನೆ ಕೂಡಿಕೊಂಡಿತು. ಬಂಡಿ ಮಾಳಿಗೆಗಳ ಮಟ್ಟದಲ್ಲಿ ಓಡುವುದರಿಂದ ಊರಿನ ತಾರಸಿಗಳೆಲ್ಲ ಕಣ್ಣಿಗೆ ಬೀಳುತ್ತವೆ. ಒಂದು ದಿನ ನೀರಿನ ತೊಟ್ಟಿಗಳನ್ನು ಎಣಿಸುತ್ತೇವೆ, ಇನ್ನೊಂದು ದಿನ ಒಣಗುವ ಸೀರೆಗಳನ್ನು. ಕೃಷ್ಣರಾಜಪುರದ ಕಡೆಗೆ ಹೋದರೆ ತೂಗುಸೇತುವೆಯನ್ನು ಮೊದಲು ಕಂಡವನು ಗೆದ್ದಂತೆ. ಇದರಲ್ಲಿ ನಾನು ಈವರೆಗೆ ಗೆದ್ದಿಲ್ಲ.

ಶಿವಾಜಿನಗರದ ಪೇಟೆಗೆಂದು ಒಮ್ಮೆ ಎದುರು ದಿಕ್ಕಿಗೆ ಹೊರಟೆವು. ಹಲಸೂರು ನಿಲ್ದಾಣ ಬಂದಾಗ, ಹಲಸಿನ ಮರಗಳಿಂದ ಈ ಹೆಸರು ಬಂದಿತೆನ್ನುವರು ಎಂದೆನು. "ಹಣ್ಣೆಲ್ಲಿ ತಾತ?" ಎಂದನು. ಗಾಂಧಿ ರಸ್ತೆಯನ್ನು ದಾಟಿದೊಡನೆ ಬಂಡಿ ನೆಲದೊಳಕ್ಕೆ ಇಳಿಯುತ್ತದೆ. ಕಿಟಕಿ ಕಪ್ಪಾಗಿ ಕನ್ನಡಿಯಾಗುತ್ತದೆ. ತನ್ನ ಮುಖವನ್ನೇ ಅದರಲ್ಲಿ ಕಂಡು ಬೆದರಿ, "ತಾತ, ಊರು ಎಲ್ಲಿ ಹೋಯಿತು? ಯಾಕೆ ಹೋಯಿತು?" ಎಂದು ಕೇಳಿದನು. ಬಹುದಿನಗಳ ಮೇಲೆ ಆ 'ಯಾಕೆ' ಕೇಳಿಸಿತು. ಎದುರಿಗಿದ್ದ ಮುದುಕರೊಬ್ಬರು ತಮಿಳಿನಲ್ಲಿ ನಕ್ಕು ಏನೋ ಹೇಳಿದರು. ಅದೇನೆಂದು ಇವನು ಮತ್ತೆ ಕೇಳಿದನು. ಇಳಿಯುವವರೆಗೂ ಪ್ರಶ್ನೆಗಳು ಮುಗಿಯಲಿಲ್ಲ.

ಇದೆಲ್ಲಕ್ಕೂ ಬೇಕಾದುದು ಹಣವಲ್ಲ, ಹೊತ್ತು. ಹೊತ್ತಿಗಿಂತ ಹೆಚ್ಚಾಗಿ ಮೈಯಲ್ಲಿ ಕಸುವು. ಹತ್ತು ಗಂಟೆ ದುಡಿದು, ದಾರಿಯಲ್ಲಿ ಎರಡು ಗಂಟೆ ಸಿಕ್ಕಿಬಿದ್ದು ಬಂದ ತಾಯಿ ಮಗುವಿನ ಕೈಗೆ ಯಂತ್ರವನ್ನು ಕೊಟ್ಟು ಕಣ್ಣು ಮುಚ್ಚಿದರೆ ಆಕೆಯನ್ನು ದೂರುವುದು ನ್ಯಾಯವಲ್ಲ. ನಮ್ಮಂಥ ಹಿರಿಯರು ಈ ವಿಷಯದಲ್ಲಿ ಉಪದೇಶ ಮಾಡುವುದನ್ನು ಬಲು ಚೆನ್ನಾಗಿ ಕಲಿತಿದ್ದೇವೆ. ಯಂತ್ರವನ್ನು ಕಿತ್ತಿಡು ಎಂದು ಹೇಳುವ ಮುನ್ನ, ಮಗುವನ್ನು ನಾವೇ ಒಂದು ಗಂಟೆ ಎತ್ತಿಕೊಂಡರೆ ಸಾಕು. ಉಪದೇಶದ ಅಗತ್ಯವೇ ಇರದು.