ಮಾವನೋರ ಮಾರುತಿ ಮಾರಿದ್ವಿ

ನಮ್ಮ ಬೀದಿಯೋರು ಸುಮಾರು ಜನ ಕೇಳಿದ್ರಿ, "ಏನ್ರೀ, ಮನೆ ಮುಂದೆ ಕಾರೇ ಕಾಣ್ತಿಲ್ಲ, ರಿಪೇರಿಗೆ ಬಿಟ್ಟಿದೀರಾ?" ಅಂತ. ಊರಿಂದ ಚಿಕ್ಕಮ್ಮನೂ ಫೋನ್ ಮಾಡಿ ಕೇಳಿದ್ರು. ಒಬ್ಬೊಬ್ಬರಿಗೂ ನಿಂತು ಹೇಳೋಕೆ ಹೋದ್ರೆ ಗಂಟಲು ಕಟ್ಟುತ್ತೆ. ಅದಕ್ಕೇ ಇಲ್ಲಿ ಬರೀತಿದೀನಿ, ಓದ್ಕೊಳಿ. ರಿಪೇರಿಗೆ ಬಿಟ್ಟಿಲ್ಲ, ಮಾರಿಬಿಟ್ವಿ. ಶಿವರಾತ್ರಿ ಕಳೆದು ಒಂದು ವಾರಕ್ಕೆ.

ಬಸವೇಶ್ವರನಗರದ ಹಳಬರಿಗೆ ಆ ಬಿಳಿ ಮಾರುತಿ 800 ಗೊತ್ತು. ಮಾವನೋರು ಬಸ್ ಡ್ರೈವರ್ ಆಗಿದ್ರು. ಅವ್ರು ಸೇರಿದಾಗ ಅದು ಬಿಟಿಎಸ್, ಕೆಎಸ್ಸಾರ್ಟಿಸಿ ಕೈಕೆಳಗೇ ಇತ್ತು. 1997ರಲ್ಲಿ ಬಿಎಂಟಿಸಿ ಅಂತ ಬೇರೆ ಆಯ್ತು. ಮೂವತ್ತು ವರ್ಷದ ಮೇಲೆ ಅಷ್ಟು ದೊಡ್ಡ ಬಸ್ಸು ಓಡಿಸಿದ ಮನುಷ್ಯ, ತಮ್ಮದು ಅಂತ ಒಂದು ಸೈಕಲ್ ಬಿಟ್ರೆ ಬೇರೇನೂ ಇಟ್ಕೊಂಡಿರ್ಲಿಲ್ಲ. 2010ರಲ್ಲಿ ರಿಟೈರ್ ಆಗಿ ದುಡ್ಡು ಕೈಗೆ ಬಂದಾಗ, ಇನ್ನು ತಡ ಮಾಡಿದ್ರೆ ಸಿಗಲ್ಲ ಅಂತ ಯಾರೋ ಹೇಳಿದ್ರು. ನಿಜಾನೇ, ಆ ಏಪ್ರಿಲ್‌ನಿಂದ ಬೆಂಗಳೂರಂಥ ದೊಡ್ಡ ಊರುಗಳಲ್ಲಿ ಹೊಗೆಯ ಹೊಸ ನಿಯಮ ಬಂದು 800 ಮಾರೋದು ನಿಂತೋಯ್ತು. ಯುಗಾದಿ ಮಾರ್ಚ್ 16ಕ್ಕೆ ಬಿದ್ದಿತ್ತು. ಹಬ್ಬದ ದಿನಾನೇ ಮೈಸೂರು ರೋಡಿನ ಗಾಳಿ ಆಂಜನೇಯನ ಗುಡಿ ಮುಂದೆ ನಿಲ್ಸಿ ಪೂಜೆ ಮಾಡ್ಸಿ, ನಿಂಬೆಹಣ್ಣು ಹತ್ತಿಸಿ ಮನೆಗೆ ತಂದ್ರು. ಅವತ್ತು ಹೋಳಿಗೆ ತಣ್ಣಗಾಗೋವರೆಗೂ ಯಾರೂ ಊಟಕ್ಕೆ ಕೂರ್ಲಿಲ್ಲ.

ನಮ್ಮೆಜಮಾನ್ರಿಗೆ ಕಾರು ಅಂದ್ರೆ ಅಷ್ಟಕ್ಕಷ್ಟೇ, ಅವರಾಯ್ತು ಅವರ ಸ್ಕೂಟರಾಯ್ತು. ಮಾವನೋರು ಹಿಡ್ಕೊಂಡಿದ್ದು ನನ್ನ. "ನೀನು ಕಲೀಬೇಕು ಕಣವ್ವ, ಇವನನ್ನ ನಂಬ್ಕೊಂಡ್ರೆ ಆಗಲ್ಲ." ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಜ್ಞಾನಭಾರತಿ ಒಳಗಡೆ ರೋಡಿಗೆ ಕರ್ಕೊಂಡು ಹೋಗೋರು. ಒಂದು ದಿನಾನೂ ಗದರಲಿಲ್ಲ. ಆದ್ರೆ ಪಕ್ಕದಲ್ಲಿ ಕೂತು ಬಲಗಾಲನ್ನ ಇಲ್ಲದೇ ಇರೋ ಬ್ರೇಕ್ ಮೇಲೆ ಒತ್ತೋರು! ನಾನು ಲೈಸೆನ್ಸ್ ತಗೊಂಡು ಹತ್ತು ವರ್ಷ ಆದ್ಮೇಲೂ ಒತ್ತೋರು. ಎಡಗಡೆ ಸೀಟಿನ ಕೆಳಗಿನ ಮ್ಯಾಟು ಅವರ ಹಿಮ್ಮಡಿ ಇಡೋ ಜಾಗದಲ್ಲಿ ಸವೆದು ತೂತಾಗಿತ್ತು. ಮಗಳು ಅದನ್ನ "ತಾತನ ಬ್ರೇಕು" ಅಂತಿದ್ಲು.

2021ರ ಮೇ ತಿಂಗಳು ಯಾರಿಗೂ ನೆನಪು ಮಾಡೋದು ಬೇಡ. ರಾತ್ರಿ ಎರಡು ಗಂಟೆ, ಆಂಬುಲೆನ್ಸ್ ಸಿಗ್ಲಿಲ್ಲ. ನಾನೇ ಓಡಿಸ್ದೆ. ಯಜಮಾನ್ರು ಹಿಂದೆ ಕೂತು ಅವರ ಭುಜ ಹಿಡ್ಕೊಂಡಿದ್ರು. ಮೂರನೇ ಆಸ್ಪತ್ರೇಲಿ ಬೆಡ್ ಸಿಕ್ತು. ನವರಂಗ್ ಸಿಗ್ನಲ್ಲಲ್ಲಿ ಒಂದು ನರಪಿಳ್ಳೆ ಇರ್ಲಿಲ್ಲ, ಆದ್ರೂ ಕೆಂಪು ಇತ್ತು ಅಂತ ನಿಧಾನ ಮಾಡ್ದೆ. ಆ ಏದುಸಿರಲ್ಲೂ ಅವರ ಬಲಗಾಲು ಒತ್ತಿದ್ದು ಕಂಡೆ. ಆರು ದಿನಕ್ಕೆ ಹೋಗ್ಬಿಟ್ರು.

ಇಂಥ ಕಾರನ್ನ ಮಾರೋ ಮಾತು ಹೇಗೆ ಬಂತು ಅಂತೀರಾ? ನಮ್ಮದು ಕಾಮಾಕ್ಷಿಪಾಳ್ಯದಲ್ಲಿ ಪುಟ್ಟ ಪ್ರಿಂಟಿಂಗ್ ಪ್ರೆಸ್ಸು. ಮದುವೆ ಕಾರ್ಡೇ ಅದರ ಅನ್ನ. ಈಗ ಐನೂರು ಕಾರ್ಡ್ ಹಾಕ್ಸೋರು ದೇವರ ಮುಂದೆ ಇಡೋಕೆ, ಹಿರಿಯರಿಗೆ ಕೊಡೋಕೆ ಅಂತ ನೂರು ಹಾಕಿಸ್ತಾರೆ, ಮಿಕ್ಕಿದ್ದೆಲ್ಲ ವಾಟ್ಸಾಪಲ್ಲಿ. (ನಾನೂ ನಮ್ಮಕ್ಕನ ಮಗಳ ಗೃಹಪ್ರವೇಶಕ್ಕೆ ವಾಟ್ಸಾಪಲ್ಲೇ ಕಳ್ಸಿದ್ದು, ಯಾರನ್ನ ಬೈಯ್ಯೋದು!) ಮಗಳು ಇಂಜಿನಿಯರಿಂಗ್ ಎರಡನೇ ವರ್ಷ. ಮಾರ್ಚ್ ಕೊನೇ ಒಳಗೆ 68 ಸಾವಿರ ಕಟ್ಟಬೇಕಿತ್ತು. ನನ್ನ ಎರಡೆಳೆ ಸರ ಅಡವಿಡೋಣ ಅಂದ್ರು ಯಜಮಾನ್ರು. ಅದು ಪ್ರೆಸ್ಸಿನ ಕಟಿಂಗ್ ಮಿಷನ್ನಿಗೆ ಅಂತ ಒಂದ್ಸಲ ಬ್ಯಾಂಕಿಗೆ ಹೋಗಿ, ಬಿಡಿಸ್ಕೊಳ್ಳೋಕೆ ಮೂರು ವರ್ಷ ಹಿಡಿದಿತ್ತು.

ಅದೇ ಹೊತ್ತಿಗೆ ಕಾರಿಗೆ ಹದಿನೈದು ವರ್ಷ ತುಂಬ್ತಾ ಬಂತು. ಸ್ವಂತ ಗಾಡಿಗೆ ಹದಿನೈದಾದ್ರೆ ಆರ್‌ಟಿಓದಲ್ಲಿ ಮತ್ತೆ ರಿಜಿಸ್ಟ್ರೇಶನ್ ಮಾಡಿಸ್ಬೇಕು, ನಾವೆಲ್ಲ ಎಫ್‌ಸಿ ಅಂತೀವಲ್ಲ ಅದೇ. ಮಾಡ್ಸಿದ್ರೆ ಇನ್ನೈದು ವರ್ಷ ಓಡಿಸ್ಬಹುದು. ಮೊದಲು 600 ರೂಪಾಯಿ ಇತ್ತು, 2022ರ ಏಪ್ರಿಲ್‌ನಿಂದ 5000. ಮೇಲೆ ಗ್ರೀನ್ ಟ್ಯಾಕ್ಸ್ 500. ಅದಾದ್ರೂ ಸರಿ, ಗಾಡಿ ನೋಡಿ ಪಾಸ್ ಮಾಡ್ಬೇಕಲ್ಲ? ನಮ್ಮ ಮೆಕ್ಯಾನಿಕ್ ಕೆಳಗೆ ತೂರಿ ನೋಡಿ, "ಅಕ್ಕಾ, ತಳ ತುಕ್ಕು ತಿಂದಿದೆ" ಅಂದ. ವೆಲ್ಡಿಂಗು, ಪೇಂಟು ಸೇರಿ 11 ಸಾವಿರ, ಎರಡು ಟೈರು 5, ಬ್ರೇಕು ಗೀಕು ಅಂತ ಆರೂವರೆ. ಫೀಸೂ ಸೇರಿಸಿದ್ರೆ 28 ಸಾವಿರ.

ನಾನು ಅವತ್ತು ರಾತ್ರಿ ಮನೆ ಖರ್ಚಿನ ಪುಸ್ತಕ ತೆಗೆದು ಕೂತೆ. ಹಿಂದಿನ ವರ್ಷ ಕಾರು ಓಡಿದ್ದು 2,100 ಕಿಲೋಮೀಟರ್. ಪೆಟ್ರೋಲಿಗೇ 14 ಸಾವಿರದ ಮೇಲೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಜಿಎಸ್‌ಟಿ ಸೇರಿ 2,471. ಬ್ಯಾಟರಿ, ಸರ್ವಿಸು 6,800. ಆಮೇಲೆ ಎಲ್ಲೆಲ್ಲಿಗೆ ಹೋಗಿದ್ವಿ ಅಂತ ನೆನೆಸ್ಕೊಂಡು ಬರೆದೆ. ಕಾರೇ ಬೇಕಿತ್ತು ಅನ್ನೋ ಓಡಾಟ ನಲವತ್ತೊಂದು. ಅತ್ತೆ ಮಂಡಿ ನೋವಿನ ಡಾಕ್ಟ್ರು, ನಾದಿನಿ ಮನೆ ಹಬ್ಬ, ಊರಿಗೆ ಎರಡು ಸಲ. ಒಂದಕ್ಕೆ 250 ಅಂತ ಆಟೋ, ಕ್ಯಾಬು ಹಿಡಿದ್ರೂ ಹತ್ತು ಸಾವಿರ ಚಿಲ್ಲರೆ. ಮಿಕ್ಕಿದ್ದೆಲ್ಲ ವಿಜಯನಗರ ಮಾರ್ಕೆಟ್ಟು, ಶಂಕರಮಠ, "ಬ್ಯಾಟರಿ ಕೂತೋಗುತ್ತೆ, ಒಂದು ರೌಂಡ್ ಹೊಡ್ಕೊಂಡ್ ಬಾ" ಅಂತ ಹೋಗಿದ್ದು.

ಅಲ್ಲೀವರೆಗೂ ನಾವು ಮಾಡ್ತಿದ್ದ ತಪ್ಪು ಏನಂದ್ರೆ, ಮಾರಿದ್ರೆ ಎಷ್ಟು ಬರುತ್ತೆ ಅಂತ ಮಾತ್ರ ನೋಡ್ತಿದ್ವಿ. ಗುಜರಿಯವನು 17 ಅಂದಿದ್ದ, ಮೊಬೈಲಲ್ಲಿ ಫೋಟೋ ಹಾಕಿದ್ರೆ 24 ತೋರಿಸ್ತು. ಇಷ್ಟಕ್ಕೆ ಅಪ್ಪನ ಕಾರು ಮಾರ್ಬೇಕಾ ಅಂತ ಇಬ್ರೂ ಸುಮ್ನಾಗಿದ್ವಿ. ಹೋಗದೆ ಉಳಿಯೋ 28 ಸಾವಿರಾನ ಪುಸ್ತಕದಲ್ಲಿ ಪಕ್ಕಕ್ಕೆ ಬರೆದಾಗ ಲೆಕ್ಕವೇ ಬೇರೆ ಆಯ್ತು.

ಅತ್ತೆಗೆ ಹೇಳೋಕೆ ನನಗೆ ಧೈರ್ಯ ಇರ್ಲಿಲ್ಲ. ಅವರೆಕಾಯಿ ಸುಲೀತಾ ಕೂತಿದ್ರು, ಹೇಳ್ದೆ. ಸ್ವಲ್ಪ ಹೊತ್ತು ಸುಲೀತಾನೇ ಇದ್ರು. "ಮಗೀನ ಓದು ನಿಲ್ಲಿಸಿ ಕಾರಿಗೆ ತೇಪೆ ಹಾಕ್ಸಿ ಅಂತ ಅವ್ರೇನು ಹೇಳ್ತಿರ್ಲಿಲ್ಲ. ಗುಜರಿಗೆ ಮಾತ್ರ ಕೊಡಬ್ಯಾಡಿ. ಓಡಿಸೋರ ಕೈಗೆ ಕೊಡಿ" ಅಂದ್ರು. ಆಮೇಲೆ, "ನಂಗೇನವ್ವ, ಬಸ್ಸು ಫ್ರೀ ಐತಲ್ಲ" ಅಂದು ನಕ್ಕರು. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದಾಗಿಂದ ಅವರು ಆಧಾರ್ ಕಾರ್ಡು ಸೊಂಟದ ಚೀಲದಲ್ಲೇ ಇಟ್ಕೊಂಡಿದಾರೆ. ಡ್ರೈವರ್ ಹೆಂಡ್ತಿ ಅಂತ ಆಗ ಕಂಡಕ್ಟರ್ ಟಿಕೆಟ್ ಬೇಡ ಅಂದ್ರೂ ಮಾವನೋರು ಕೊಡಿಸ್ತಿದ್ರಂತೆ.

ಕಷ್ಟ ಆಗಿದ್ದು ನಾದಿನಿ ಹತ್ರ. ಕೆಂಗೇರಿಯಿಂದ ಫೋನ್ ಮಾಡಿ, "ಅಪ್ಪನ್ನೇ ಮಾರ್ದಂಗೆ ಅತ್ತಿಗೆ" ಅಂದ್ಲು. ನೀನೇ ಇಟ್ಕೊಳಮ್ಮ, ದುಡ್ಡೇನೂ ಬೇಡ ಅಂದೆ. ಅವಳ ಅಪಾರ್ಟ್‌ಮೆಂಟಲ್ಲಿ ಒಂದೇ ಪಾರ್ಕಿಂಗು, ಅಲ್ಲಿ ಅವರದೇ ಕಾರಿದೆ. ಫೋನ್ ಇಟ್ಬಿಟ್ಲು. ಯುಗಾದಿಗೂ ಬರ್ಲಿಲ್ಲ. ನಾನು ಬರೆದಿದ್ದೆಲ್ಲ ಓದ್ತಾಳೆ, ಇದನ್ನೂ ಓದ್ತಾಳೆ. ನಿನ್ನ ಮೇಲೆ ನನಗೆ ಬೇಜಾರಿಲ್ಲ ಕಣೇ. ನಾನು ಗೇಟು ಹಾಕೋವಾಗ ಈಗಲೂ ಆ ಕಡೆ ನೋಡ್ತೀನಿ.

ಕೊನೆಗೆ ತಗೊಂಡಿದ್ದು ಸುಂಕದಕಟ್ಟೆ ಕಡೆಯ ಒಬ್ಬ ಹುಡುಗ. ತರಕಾರಿ ವ್ಯಾಪಾರ. ಹೆಂಡ್ತಿಗೆ ಕಾರು ಕಲಿಸ್ಬೇಕು, 800 ಆದ್ರೆ ಯಾವ ಗ್ಯಾರೇಜಲ್ಲೂ ರಿಪೇರಿ ಆಗುತ್ತೆ, ಸಾಮಾನೂ ಅಗ್ಗ ಅಂದ. 42 ಕೇಳಿದ್ವಿ, 36ಕ್ಕೆ ಒಪ್ಪಿಕೊಂಡ್ವಿ. ಇನ್ನೊಬ್ಬ 40 ಕೊಡ್ತೀನಿ ಅಂದಿದ್ದ, ಆದ್ರೆ "ಹೆಸರು ಆಮೇಲೆ ಬದಲಾಯಿಸ್ಕೊತೀನಿ" ಅಂದ, ಬೇಡ ಅಂದ್ವಿ. ನಿಮ್ಮನೇಲೂ ಗಾಡಿ ಮಾರೋದಿದ್ರೆ ಇದೊಂದು ನೆನಪಿಟ್ಕೊಳಿ. ಆರ್‌ಸಿ ನಿಮ್ಮ ಹೆಸರಲ್ಲೇ ಇದ್ದು ಗಾಡಿ ಎಲ್ಲಾದ್ರೂ ಗುದ್ದಿದ್ರೆ ಪರಿಹಾರ ಕೊಡೋ ಹೊಣೆ ನಿಮ್ಮ ತಲೆಗೇ ಬರುತ್ತೆ, ಸುಪ್ರೀಂ ಕೋರ್ಟೇ 2018ರಲ್ಲಿ ಹಾಗೆ ಹೇಳಿದೆ. ಫಾರಂ 29, 30ಕ್ಕೆ ಸಹಿ ಹಾಕಿ, 14 ದಿನದೊಳಗೆ ಆರ್‌ಟಿಓಗೆ ತಿಳಿಸ್ಬೇಕು. ಫುಲ್ ಇನ್ಶೂರೆನ್ಸ್ ಇದ್ರೆ ನೋ ಕ್ಲೈಮ್ ಬೋನಸ್ ಸರ್ಟಿಫಿಕೇಟ್ ಕೇಳಿ ತಗೊಳಿ, ಅದು ಗಾಡಿ ಜೊತೆ ಹೋಗಲ್ಲ, ನಿಮ್ಮದೇ. ಮೂರು ವರ್ಷದೊಳಗೆ ಬೇರೆ ಗಾಡಿ ತಗೊಂಡ್ರೆ ಉಪಯೋಗಕ್ಕೆ ಬರುತ್ತೆ.

36 ಬಂತು, 28 ಉಳೀತು, 64 ಆಯ್ತು. ಮಿಕ್ಕ ನಾಲ್ಕು ಸಾವಿರ ನನ್ನ ಚೀಟಿ ದುಡ್ಡು. ಸರ ಕತ್ತಲ್ಲೇ ಇದೆ. ಎಲ್ಲ ಸಲೀಸು ಅಂತಲ್ಲ, ಮೊನ್ನೆ ಮಳೇಲಿ ಅತ್ತೇನ ಡಾಕ್ಟ್ರ ಹತ್ರ ಕರ್ಕೊಂಡು ಹೋಗೋಕೆ ಮುಕ್ಕಾಲು ಗಂಟೆ ಆಟೋ ಸಿಗ್ಲಿಲ್ಲ, ಅಳು ಬಂದಿತ್ತು. ನನ್ನ ಲೈಸೆನ್ಸ್ ಮಾತ್ರ 2031ರವರೆಗೂ ಇದೆ.

ಕಾರು ಒಯ್ಯೋ ದಿನ ಆ ಹುಡುಗ ಎಡಗಡೆ ಮ್ಯಾಟ್ ಎತ್ತಿ ನೋಡಿ, "ಇದು ತೂತಾಗಿದೆ ಅಕ್ಕ, ಹೊಸದು ಹಾಕಿಸ್ಕೊತೀನಿ, ಎಸೀಲಾ?" ಅಂದ. ನಾನು ಬಾಯಿ ತೆಗೆಯೋ ಮೊದಲೇ ಅತ್ತೆ ಹೋಗಿ ಈಸ್ಕೊಂಡ್ರು. ಅವತ್ತೇ ತೊಳೆದು ಒಣಗಿಸಿದ್ರು. ಈಗ ಹಿತ್ತಲ ಬಾಗಿಲಲ್ಲಿ, ಒಗೆಯೋ ಕಲ್ಲಿನ ಮುಂದೆ ಹಾಕಿದಾರೆ. ಒದ್ದೆ ಕಾಲು ಜಾರಲ್ವಂತೆ.